ಒಂದೇ ಸಂಖ್ಯೆಯ ಇಬ್ಬರು

ಭವ್ಯಶ್ರೀ ಯಾರ ಮೇಲೆ ದೂರು ಕೊಟ್ಟಿದ್ದಳೋ ಆ ಮನುಷ್ಯನೇ ಅವಳ ಲ್ಯಾಪ್‌ಟಾಪಿಗೆ ಕರೆಂಟು ಸಿಗುವಂತೆ ಮಾಡಿದ.

ಆಗ ಅವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಯಾರೆಂದು ಅವನಿಗೂ ಗೊತ್ತಿರಲಿಲ್ಲ.

ಹಾಸನದಲ್ಲಿ ಸೌಜನ್ಯ ಎಂಬುವಳು ನಡೆಸುವ ಕಂಪ್ಯೂಟರ್ ತರಬೇತಿ ಕೇಂದ್ರದ ಮಹಡಿಯ ಕೋಣೆ ಅದು. ಭಾನುವಾರ, ಬೆಳಗಿನ ಹನ್ನೊಂದೂವರೆ. ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿ ರಾಕ್ ಸಂಗೀತ ತಂಡಗಳ ಲೇಖನಗಳನ್ನು ತಿದ್ದಿ ಬೆಳೆಸುವ ಸ್ವಯಂಸೇವಕರು ಮೊದಲ ಬಾರಿಗೆ ಒಂದೆಡೆ ಸೇರುತ್ತಿದ್ದರು. ಅವರು ಒಟ್ಟು ಐದು ಜನ. ಹದಿನಾಲ್ಕು ತಿಂಗಳಲ್ಲಿ ಅರವತ್ತೆರಡು ಲೇಖನಗಳನ್ನು ಸರಿಪಡಿಸಿದ್ದರು. ಸಂಬಳವಿಲ್ಲ, ಹೆಸರಿನ ಆಸೆಯೂ ಇಲ್ಲ. ಕೆಲವರು ಬರೆಯುತ್ತಿದ್ದುದೇ ಅಡ್ಡಹೆಸರಿನಲ್ಲಿ.

ಗೋಡೆಯ ಪ್ಲಗ್ಗಿನಲ್ಲಿ ಚಾರ್ಜರ್ ನಿಲ್ಲುತ್ತಿರಲಿಲ್ಲ. ಭವ್ಯಶ್ರೀ ಅದನ್ನು ಮೂರನೆಯ ಬಾರಿ ಒತ್ತಿದಾಗ ಪಕ್ಕದಿಂದ ಒಂದು ಕೈ ಬಂತು.

"ಒತ್ಬ್ಯಾಡಿ ಮೇಡಂ. ಪಿನ್ನು ಕಿರಿದಾಗೈತೆ."

ಅವನು ಅಂಗಿಯ ಜೇಬಿನಿಂದ ಟೆಸ್ಟರ್ ತೆಗೆದು, ಅದರ ತುದಿಯಿಂದ ಪಿನ್ನಿನ ಸೀಳನ್ನು ಕೂದಲೆಳೆಯಷ್ಟು ಅಗಲಿಸಿ, ಚಾರ್ಜರನ್ನು ಮತ್ತೆ ಸಿಕ್ಕಿಸಿದ. ಲ್ಯಾಪ್‌ಟಾಪಿನ ಅಂಚಿನಲ್ಲಿ ಬಿಳಿ ದೀಪ ಹತ್ತಿತು. ಅವನ ಬೆರಳುಗಳ ಮೇಲೆ ಬೆಸುಗೆಯ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು... ಇಂಥವರು ಈಗ ಅಪರೂಪ ಎಂದು ಅವಳಿಗೆ ಅನಿಸಿತು.

ಹಾಗೆ ಅನಿಸಿದ್ದಕ್ಕೆ ಅವಳು ಮುಂದೆ ಒಂದು ವಾರ ತನ್ನನ್ನೇ ಬೈದುಕೊಂಡಳು.

"ನಿಮ್ಮ ಹೆಸರು?"

"ಬಸವೇಶ. ಅರಕಲಗೂಡು. ಇಲ್ಲಿಯೋರಿಗೆ ತಂತಿಕಂಬ ಅಂದ್ರೆ ಗೊತ್ತಾಗ್ಬೌದು."

ಅವಳ ಮುಖದಲ್ಲಿದ್ದ ನಗು ಇದ್ದಲ್ಲೇ ನಿಂತಿತು.

"ನಾನು ಭವ್ಯಶ್ರೀ," ಎಂದಳು. "ಹೊಳೆನರಸೀಪುರ."

ಈಗ ಅವನ ನಗುವಿನ ಸರದಿ. ಅದು ಅರ್ಧಕ್ಕೆ ಬಂದು ಹಿಂದಿರುಗಿತು. ಅವನ ಮೇಲಿನ ದೂರಿನ ಕೆಳಗೆ ಇದ್ದುದು ಅದೇ ಹೆಸರು; ಅದನ್ನು ಅವನು ಶುಕ್ರವಾರವೇ ಓದಿದ್ದ.

"ಹೊರಗೆ ಬರ್ತೀರಾ? ಮಾತಾಡಬೇಕು," ಎಂದು ಅವಳು ಮುಂದೆ ನಡೆದಳು. ಹೊರಗೆ ಕಬ್ಬಿಣದ ಕಂಬಿಯ ಒಂದು ಬಾಲ್ಕನಿ. ಅವನು ಎರಡು ಕೈಗಳನ್ನೂ ಕಂಬಿಯ ಮೇಲಿಟ್ಟು ನಿಂತ. ಅವನ ಫೋನು ಒಳಗೆ ಮೇಜಿನ ಮೇಲೆಯೇ ಉಳಿಯಿತು.

ದೂರು ಏನೆಂಬುದನ್ನು ಇಲ್ಲಿ ಹೇಳಬೇಕು.

ಆ ಗುಂಪಿನಲ್ಲಿ ಸೂಜಿಮಲ್ಲಿಗೆ ಎಂಬ ಅಡ್ಡಹೆಸರಿನ ಇನ್ನೊಬ್ಬ ಸದಸ್ಯೆ ಇದ್ದಳು. ಆಕೆಯನ್ನು ಯಾರೂ ಕಂಡಿರಲಿಲ್ಲ. ಹಾಸನಕ್ಕೂ ಆಕೆ ಬಂದಿರಲಿಲ್ಲ. ವಿಶ್ವಕೋಶದಲ್ಲಿ ಲಾಗಿನ್ ಆಗದೆ ತಿದ್ದಿದರೆ ಸದಸ್ಯರ ಹೆಸರಿನ ಬದಲು ಅವರ ಇಂಟರ್‌ನೆಟ್ ಸಂಪರ್ಕದ ಸಂಖ್ಯೆ ದಾಖಲಾಗುತ್ತದೆ. ಹಿಂದೊಮ್ಮೆ ತಂತಿಕಂಬ ಲಾಗಿನ್ ಆಗುವುದನ್ನು ಮರೆತು ತಿದ್ದಿ, ಆಮೇಲೆ ತನ್ನ ಹೆಸರಿನಲ್ಲಿ ಕೆಳಗೆ "ಇದು ನಾನೇ" ಎಂದು ಬರೆದಿದ್ದ. ಕಳೆದ ಬುಧವಾರ ಸೂಜಿಮಲ್ಲಿಗೆಯೂ ಹಾಗೆಯೇ ಮರೆತು, ಹಾಗೆಯೇ ಬರೆದಳು. ಭವ್ಯಶ್ರೀ ಎರಡೂ ಸಂಖ್ಯೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಳು.

ಒಂದಂಕಿಯೂ ವ್ಯತ್ಯಾಸವಿರಲಿಲ್ಲ.

ಒಬ್ಬನೇ ಎರಡು ಹೆಸರಿನಲ್ಲಿ ಬರೆಯುವುದು ಅಲ್ಲಿ ದೊಡ್ಡ ಅಪರಾಧ. ಯಾವ ವಾಕ್ಯ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಸದಸ್ಯರ ಚರ್ಚೆಯಲ್ಲಿ ತೀರ್ಮಾನವಾಗುತ್ತದೆ. ಒಬ್ಬನೇ ಇಬ್ಬರಂತೆ ಮಾತನಾಡಿದರೆ ಉಳಿದವರಿಗೆ ಮೋಸ. ದೂರು ನಿಜವಾದರೆ ಎರಡೂ ಹೆಸರುಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ.

ಅವಳು ಬರೆದ ದೂರಿನಲ್ಲಿ ಇದ್ದುದು ಇಷ್ಟೇ. ಬರೆಯದೆ ಬಿಟ್ಟದ್ದು ಇನ್ನೊಂದಿತ್ತು.

ಐದು ತಿಂಗಳಿಂದ ಅವಳು ಸೂಜಿಮಲ್ಲಿಗೆಗೆ ಖಾಸಗಿಯಾಗಿ ಈಮೇಲ್ ಬರೆಯುತ್ತಿದ್ದಳು. ಒಟ್ಟು ಆರು ಪತ್ರ. ಮೊದಲ ಐದು ಪತ್ರಗಳಲ್ಲಿ ಸಂಗೀತದ ಮಾತು, ತಾನು ಕೆಲಸ ಮಾಡುವ ಲ್ಯಾಬಿನ ಮಾತು, ಮನೆಯ ಮಾತು. ಆರನೆಯದರಲ್ಲಿ ಅವಳು ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಿಕೊಂಡಿದ್ದಳು. ಮುಖ ನೋಡಿರದ ತಂತಿಕಂಬನ ಮೇಲೆ ತನಗೆ ಮನಸ್ಸಾಗಿದೆ, ಇದು ಹುಚ್ಚೇ? ಎಂದು ಕೇಳಿದ್ದಳು.

ಸೂಜಿಮಲ್ಲಿಗೆಯ ಉತ್ತರ ಚಿಕ್ಕದಾಗಿತ್ತು: "ಹುಚ್ಚಲ್ಲ. ಒಳ್ಳೆಯ ಹುಡುಗ. ನೇರವಾಗಿ ಹೇಳು."

ಆ ಉತ್ತರವನ್ನು ಅವಳು ಎಷ್ಟೋ ಸಲ ಓದಿ ಸಂತೋಷಪಟ್ಟಿದ್ದಳು. ಸಂಖ್ಯೆಗಳು ಒಂದೇ ಎಂದು ಕಂಡ ಕ್ಷಣ ಅದೇ ಉತ್ತರ ಕೆಂಡವಾಯಿತು. ಹೆಂಗಸಿನ ಹೆಸರು ಇಟ್ಟುಕೊಂಡು, ನನ್ನ ಮನಸ್ಸನ್ನು ಹೊರತೆಗೆಸಿ, ತನ್ನನ್ನು ತಾನೇ ಒಳ್ಳೆಯ ಹುಡುಗ ಎಂದು ಹೊಗಳಿಕೊಂಡನಲ್ಲ... ಇವನು ಎಂಥವನು!

ಮರುದಿನವೇ ಅವಳು ಸೂಜಿಮಲ್ಲಿಗೆಯ ಈಮೇಲ್ ತನಗೆ ತಲುಪದಂತೆ ತಡೆದಳು. ಅದರ ಮರುದಿನ ದೂರು ಕೊಟ್ಟಳು.

ಈಗ ಅವನು ಎದುರಿಗೆ ನಿಂತಿದ್ದ.

"ಸೂಜಿಮಲ್ಲಿಗೆ ಯಾರು?" ಎಂದು ಕೇಳಿದಳು.

"ಅದು ನಾನ್ ಏಳೋ ಮಾತಲ್ಲ ಮೇಡಂ."

"ನೀವೇ ಅಲ್ವಾ?"

"ಅಲ್ಲ."

"ಹಾಗಾದ್ರೆ ಯಾರು ಅಂತ ಹೇಳಿ. ಇಲ್ಲಿಗೇ ಮುಗಿಯುತ್ತೆ."

ಬಸವೇಶ ಕೆಳಗಿನ ಬೀದಿಯನ್ನು ನೋಡಿದ. "ನಿಯಮ ನಿಮಗೇ ಚೆನ್ನಾಗ್ ಗೊತ್ತು. ಇನ್ನೊಬ್ರು ಯಾರು ಏನು ಅಂತ ಅವರ ಒಪ್ಗೆ ಇಲ್ದೆ ಏಳಂಗಿಲ್ಲ. ನನ್ ಮೇಲೆ ದೂರು ಐತೆ ಅಂತ ನಾನು ಅವರನ್ನ ಬಯಲಿಗೆ ತಂದ್ರೆ, ಅದು ಸರಿಯಾ?"

ನಿಯಮ ಸರಿಯಾಗಿತ್ತು. ಅದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

"ನನ್ನ ಪತ್ರಗಳನ್ನ ಓದಿ ಎಷ್ಟು ಸಲ ನಕ್ಕಿರಿ?"

"ಯಾವ ಪತ್ರ?"

ಅವನ ಮುಖದಲ್ಲಿ ನಿಜವಾದ ಗೊಂದಲವಿತ್ತು. ಅವಳು ಅದನ್ನು ನಟನೆ ಎಂದು ಓದಿದಳು. ಕಣ್ಣು ತುಂಬಿ ಬಂದದ್ದು ಅವನಿಗೆ ಕಾಣಬಾರದೆಂದು ಬಾಗಿಲಿನ ಕಡೆ ತಿರುಗಿದಳು. ಅಷ್ಟರಲ್ಲಿ ಸೌಜನ್ಯ ಬಂದು, ಹನ್ನೆರಡಾಯಿತು, ಸಭೆ ಶುರು ಎಂದು ಕರೆದಳು.

ಬಸವೇಶ ಸಭೆಗೆ ಕೂರಲಿಲ್ಲ. ಮೇಜಿನ ಮೇಲಿದ್ದ ಫೋನು ತೆಗೆದುಕೊಂಡು, ಕೇಂದ್ರದ ಕೆಟ್ಟ ಸ್ಪೀಕರುಗಳನ್ನು ರಿಪೇರಿಗೆ ಕಳುಹಿಸುವುದಿದ್ದರೆ ಇರಲಿ ಎಂದು ಸೌಜನ್ಯಳಿಗೆ ತನ್ನ ಅಂಗಡಿಯ ಕಾರ್ಡು ಕೊಟ್ಟು, ಮೆಟ್ಟಿಲಿಳಿದು ಹೋದ.

ದೂರು ತೀರ್ಮಾನಿಸಬೇಕಾದವರು ಸಭೆಗೆ ಬಂದಿದ್ದ ಚನ್ನರಾಯಪಟ್ಟಣದ ವೃಷಭರಾಜರು. ಶ್ರವಣಬೆಳಗೊಳದಲ್ಲಿ ಯಾತ್ರಿಕರ ವಸತಿಗೃಹವೊಂದನ್ನು ನಡೆಸುವ ಐವತ್ತರ ಮನುಷ್ಯ, ವಿಶ್ವಕೋಶದಲ್ಲಿ ನಿರ್ವಾಹಕರು. ದೂರಿಗೆ ಏಳು ದಿನದ ಅವಧಿ ಎಂದರು. ಭವ್ಯಶ್ರೀ ಕೊಟ್ಟಿದ್ದ ಸಂಖ್ಯೆಗಳನ್ನು ಕನ್ನಡಕ ಏರಿಸಿ ನೋಡಿ, ಎರಡೂ ಖಾತೆಗಳ ತಿದ್ದುಪಡಿಗಳ ಪೂರ್ಣ ಪಟ್ಟಿ ಬೇಕು ಎಂದರು. ದಿನಾಂಕ ಮತ್ತು ವೇಳೆಯ ಸಮೇತ.

"ದೂರು ಕೊಟ್ಟೋರೇ ಪಟ್ಟಿ ಮಾಡಬೇಕಮ್ಮ. ಇವತ್ತಿನವರೆಗೂ. ಇವತ್ತೂ ಸೇರಿ."

ಆ ವಾರ ಹೊಳೆನರಸೀಪುರದಲ್ಲಿ ಭವ್ಯಶ್ರೀಗೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಟೆಕ್ನಿಶಿಯನ್. ಬೆಳಿಗ್ಗೆ ಏಳಕ್ಕೆ ರಕ್ತ ತೆಗೆಯುವುದು, ಮಧ್ಯಾಹ್ನಕ್ಕೆ ವರದಿ, ಸಂಜೆ ಮನೆ. ಮೊದಲಾದರೆ ಮನೆಗೆ ಬಂದೊಡನೆ ತಂತಿಕಂಬನ ಟಿಪ್ಪಣಿಗಳನ್ನು ತೆರೆಯುತ್ತಿದ್ದಳು. ಬ್ರೆಜಿಲಿನ ಒಂದು ತಂಡದ ಡ್ರಮ್ಮರ್ ಯಾವ ವರ್ಷ ಬಿಟ್ಟು ಹೋದ, ಗಿಟಾರಿನ ತಂತಿಯನ್ನು ಒಂದು ಸ್ವರದಷ್ಟು ಇಳಿಸಿ ಶ್ರುತಿ ಮಾಡುವುದನ್ನು ಕನ್ನಡದಲ್ಲಿ ಹೇಗೆ ಹೇಳುವುದು... ಒಂದು ವಾಕ್ಯಕ್ಕಾಗಿ ಇಬ್ಬರೂ ಮೂರು ದಿನ ವಾದಿಸಿದ್ದುಂಟು. ವಾದದ ಕೊನೆಗೆ ಅವನು "ನೀವು ಹೇಳಿದ್ದೇ ಸರಿ" ಎಂದು ಬರೆದರೆ ಅವಳಿಗೆ ಗೆದ್ದ ಖುಷಿ ಇರುತ್ತಿರಲಿಲ್ಲ. ವಾದ ಮುಗಿಯಿತಲ್ಲ ಎಂಬ ಬೇಸರವಿರುತ್ತಿತ್ತು.

ಈಗ ತೆರೆಯಲು ಏನೂ ಇರಲಿಲ್ಲ. ಭಾನುವಾರದಿಂದ ಅವನು ಒಂದಕ್ಷರವನ್ನೂ ಬರೆದಿರಲಿಲ್ಲ.

ತಟ್ಟೆಯಲ್ಲಿ ಮುದ್ದೆ ಆರುತ್ತಿರುವುದನ್ನು ಕಂಡು ತಾಯಿ ಕೇಳಿದರು. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದಳು. ತಾಯಿ ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ.

ಶುಕ್ರವಾರ ಸಂಜೆ ಅವಳು ಪಟ್ಟಿ ಮಾಡಲು ಕುಳಿತಳು. ತಂತಿಕಂಬನ ತಿದ್ದುಪಡಿಗಳು ಒಂಬೈನೂರ ನಾಲ್ಕು. ಸೂಜಿಮಲ್ಲಿಗೆಯವು ಮುನ್ನೂರ ಹದಿನೆಂಟು. ಎಡಗಡೆ ಒಂದು, ಬಲಗಡೆ ಒಂದು ಸಾಲು.

ಇನ್ನೂರನೆಯ ಸಾಲು ದಾಟುವ ಹೊತ್ತಿಗೆ ಮನಸ್ಸು ಮೊದಲ ಬಾರಿ ಅಳುಕಿತು. ಚರ್ಚೆಗಳಲ್ಲಿ ಸೂಜಿಮಲ್ಲಿಗೆ ತಂತಿಕಂಬನ ಪರ ನಿಂತದ್ದು ಇಪ್ಪತ್ತೆರಡು ಬಾರಿ. ವಿರುದ್ಧ ನಿಂತದ್ದು ಹತ್ತೊಂಬತ್ತು ಬಾರಿ. ತನ್ನ ಮಾತಿಗೆ ಬಲ ಬೇಕೆಂದು ಎರಡನೆಯ ಹೆಸರು ಇಟ್ಟುಕೊಂಡವನು ಹತ್ತೊಂಬತ್ತು ಬಾರಿ ತನ್ನನ್ನೇ ಸೋಲಿಸಿಕೊಳ್ಳುತ್ತಾನೆಯೇ?

ಆಮೇಲೆ ಒಂದೇ ನಿಮಿಷದಲ್ಲಿ ಎರಡೂ ಖಾತೆಗಳಿಂದ ಬೇರೆ ಬೇರೆ ಲೇಖನಗಳಿಗೆ ಉದ್ದನೆಯ ಭಾಗಗಳು ಸೇರಿದ ಸಾಲುಗಳು ಸಿಕ್ಕವು. ಹನ್ನೊಂದು. ಮೊದಲೇ ಬರೆದಿಟ್ಟುಕೊಂಡರೆ ಒಬ್ಬನಿಗೂ ಅದು ಸಾಧ್ಯ ಎಂದು ಹಟದಿಂದ ಮುಂದುವರಿದಳು. ಹಾಗೆ ಮುಂದುವರಿದು ಕೊನೆಯ ಪುಟಕ್ಕೆ, ಕಳೆದ ಭಾನುವಾರಕ್ಕೆ ಬಂದಳು.

ಸೂಜಿಮಲ್ಲಿಗೆ. ಬೆಳಿಗ್ಗೆ ೧೧:೪೬, ಎರಡು ಸಾಲು. ೧೧:೫೨, ಒಂದು ಪೂರ್ತಿ ಪ್ಯಾರಾ. ೧೧:೫೭, ಅದರಲ್ಲೇ ಒಂದು ತಿದ್ದುಪಡಿ.

ಹನ್ನೊಂದು ಐವತ್ತೆರಡಕ್ಕೆ ತಂತಿಕಂಬ ಎಲ್ಲಿದ್ದ?

ಹನ್ನೆರಡಕ್ಕೆ ಸೌಜನ್ಯ ಕರೆಯುವವರೆಗೂ ಅವಳ ಎದುರಿಗೇ ಇದ್ದ. ಕಬ್ಬಿಣದ ಕಂಬಿಯ ಮೇಲೆ ಎರಡು ಕೈ ಇಟ್ಟು, ಖಾಲಿ ಕೈಯಲ್ಲಿ ನಿಂತಿದ್ದ. ಅದನ್ನು ನೋಡಿದವಳು ಲೋಕದಲ್ಲಿ ಒಬ್ಬಳೇ. ಅವನ ಪರವಾಗಿ ಸಾಕ್ಷಿ ಹೇಳಬಲ್ಲವಳು, ಅವನ ಮೇಲೆ ದೂರು ಕೊಟ್ಟವಳು!

ಲ್ಯಾಬಿನಲ್ಲಿ ಸಂಶಯ ಬಂದ ಮಾದರಿಯನ್ನು ಎರಡನೆಯ ಬಾರಿ ಪರೀಕ್ಷಿಸದೆ ಅವಳು ಎಂದೂ ವರದಿ ಕೊಟ್ಟವಳಲ್ಲ. ಈ ಒಂದು ವರದಿಯನ್ನು ಮಾತ್ರ ಮೊದಲ ಪರೀಕ್ಷೆಗೇ ಕೊಟ್ಟಿದ್ದಳು.

ಅವನ ಸದಸ್ಯ ಪುಟವನ್ನು ತೆರೆದಳು. ಅಲ್ಲಿ ಆ ದಿನವೇ ಅಂಟಿಸಿದ ಒಂದು ಪಟ್ಟಿಕೆ ಇತ್ತು. ವಿಶ್ವಕೋಶವನ್ನು ಬಿಟ್ಟು ಹೋಗುವವರು ಹಾಕುವ ಪಟ್ಟಿಕೆ ಅದು.

"ಈ ಸದಸ್ಯರು ನಿವೃತ್ತರಾಗಿದ್ದಾರೆ."

ಈ ಬಾರಿ ಅವಳು ಎರಡು ಸಲ ಓದಿ ನೋಡಿದಳು.

ಶನಿವಾರ ಲ್ಯಾಬಿಗೆ ರಜೆ ಹಾಕಿ, ಬೆಳಿಗ್ಗೆ ಏಳಕ್ಕೆ ಅವಳು ದೂರನ್ನು ಹಿಂತೆಗೆದುಕೊಂಡಳು. ಅದರ ಕೆಳಗೆ ಮೂರು ವಾಕ್ಯ ಬರೆದಳು. ಈ ಎರಡು ಖಾತೆಗಳ ಹಿಂದೆ ಇಬ್ಬರು ವ್ಯಕ್ತಿಗಳಿದ್ದಾರೆ. ಅದಕ್ಕೆ ನಾನೇ ಸಾಕ್ಷಿ. ಕೇಳಿ ತಿಳಿಯದೆ ದೂರಿದ್ದು ನನ್ನ ತಪ್ಪು.

ಅರ್ಧ ಗಂಟೆಯಲ್ಲಿ ವೃಷಭರಾಜರ ಫೋನು ಬಂತು. ಪಟ್ಟಿಯಲ್ಲಿ ಭಾನುವಾರವೂ ಇರಲಿ ಎಂದದ್ದು ಸುಮ್ಮನೆ ಅಲ್ಲವೆಂದು ಅವರ ದನಿಯಲ್ಲಿ ಅವಳಿಗೆ ಗೊತ್ತಾಯಿತು. ಇಬ್ಬರೂ ಒಂದೇ ಸಂಪರ್ಕ ಬಳಸುವುದನ್ನು ತಮ್ಮ ತಮ್ಮ ಪುಟದಲ್ಲಿ ಬರೆದುಕೊಳ್ಳಬೇಕಿತ್ತು, ಅಷ್ಟರ ಮಟ್ಟಿಗೆ ಅವರದೂ ತಪ್ಪಿದೆ ಎಂದರು. ಅವಳು ತಂತಿಕಂಬನ ವಿಳಾಸ ಕೇಳಿದಳು. ಅದನ್ನು ತಾವು ಕೊಡುವ ಹಾಗಿಲ್ಲ ಎಂದು, ಒಂದು ಕ್ಷಣ ಬಿಟ್ಟು, ಸೌಜನ್ಯಳ ಸ್ಪೀಕರುಗಳು ರಿಪೇರಿಯಾದವೇ ಎಂದು ವಿಚಾರಿಸಿದರು.

ಸೌಜನ್ಯಳ ಬಳಿ ಕಾರ್ಡು ಇತ್ತು. ಒಂಬತ್ತರ ಬಸ್ಸಿಗೆ ಭವ್ಯಶ್ರೀ ಅರಕಲಗೂಡಿಗೆ ಹೊರಟಳು.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದಳು. ಜೋಡಿಸಿದ್ದು ಇಳಿಯುವಾಗ ಒಂದೂ ಉಳಿಯಲಿಲ್ಲ. ಕ್ಷಮಿಸುತ್ತಾನೋ ಇಲ್ಲವೋ... ಬರೆಯುವುದನ್ನು ನನ್ನಿಂದಾಗಿ ಬಿಟ್ಟನಲ್ಲ... ಅಷ್ಟು ಚೆನ್ನಾಗಿ ಬರೆಯುವವನು!

ಅಂಗಡಿ ಚಿಕ್ಕದು. ಬಾಗಿಲಲ್ಲಿ ಹೊಟ್ಟೆ ಬಿಚ್ಚಿದ ಆಂಪ್ಲಿಫೈಯರುಗಳು. ಒಳಗಿನಿಂದ ಎಲೆಕ್ಟ್ರಿಕ್ ಗಿಟಾರಿನ ಭಾರಿ ಸದ್ದು ಬೀದಿಯವರೆಗೂ ಬರುತ್ತಿತ್ತು. ಭವ್ಯಶ್ರೀ ಹೊರಗಿನ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿ ಒಳಗೆ ಕಾಲಿಟ್ಟಳು. ಗಲ್ಲಾದ ಹಿಂದೆ ನೂಲಿನ ಸೀರೆಯುಟ್ಟು, ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು. ಮುಡಿಯಲ್ಲಿ ಹೂ, ಮೂಗಿನ ತುದಿಯಲ್ಲಿ ಕನ್ನಡಕ, ಎದುರಿಗೆ ಹಳೆಯ ಲ್ಯಾಪ್‌ಟಾಪ್. ಆಕೆ ಸ್ಪೀಕರಿನ ಸದ್ದು ತಗ್ಗಿಸಿದರು.

"ಏನವ್ವ ರಿಪೇರಿ?"

"ರಿಪೇರಿಗೆ ಏನೂ ತಂದಿಲ್ಲ. ಬಸವೇಶ ಅವರು ಇದಾರಾ?"

"ಮೊಸಳೆ ಊರ್ಗೆ ಓಗವ್ನೆ. ಅಲ್ಲೊಂದು ಮದ್ವೆ ಮನೇಲಿ ಮೈಕು ಕೈ ಕೊಡ್ತಂತೆ. ಈಗ ಬತ್ತಾನೆ, ಕುಂತ್ಕೊ." ಆಕೆ ಕನ್ನಡಕದ ಮೇಲಿನಿಂದ ಅವಳನ್ನು ಅಳೆದರು. "ನೀನು ಒಳೆನರಸೀಪುರದ ಭವ್ಯಶ್ರೀ ಅಲ್ವಾ?"

ಭವ್ಯಶ್ರೀ ಬೆರಗಾದಳು. "ನಿಮಗೆ ಹೇಗೆ ಗೊತ್ತಾಯ್ತು?"

"ಈ ಊರ್ನಲ್ಲಿ ನಮ್ಮಂಗ್ಡಿ ಬೋರ್ಡ್ನ ಪೂರ್ತಿ ಓದಿ ಒಳಕ್ ಬಂದೋರು ಯಾರೂ ಇಲ್ಲ ಕಣವ್ವ. ತಪ್ಪು ಸಿಕ್ತಾ?"

"ಒಂದು," ಎಂದಳು ಭವ್ಯಶ್ರೀ, ಅರಿವಿಲ್ಲದೆಯೇ. ಆಮೇಲೆ ಅವಳ ಕಣ್ಣು ಲ್ಯಾಪ್‌ಟಾಪಿನ ಕಡೆ ಹೋಯಿತು. ಪರದೆಯ ಮೇಲೆ ಅರ್ಧ ತಿದ್ದಿದ ಒಂದು ಲೇಖನ. ಮೇಲಿನ ಮೂಲೆಯಲ್ಲಿ ಸದಸ್ಯರ ಹೆಸರು.

ಸೂಜಿಮಲ್ಲಿಗೆ.

"ನೀವು..." ಅವಳು ಪರದೆಯನ್ನೂ ಆಕೆಯ ಮುಡಿಯ ಹೂವನ್ನೂ ನೋಡಿದಳು.

"ನಾನೇಯ. ಬಸವೇಸನ ದೊಡ್ಡಮ್ಮ, ನಂಜಮ್ಮಣ್ಣಿ. ಅಲ್ಲ ಕಣವ್ವ, ನನ್ನ ಗಂಡ್ಸು ಮಾಡ್ಬುಟ್ಯಲ್ಲ ನೀನು!"

ಆಕೆ ನಕ್ಕರು. ಭವ್ಯಶ್ರೀಗೆ ಅಳು ಬಂತು. ನಂಜಮ್ಮಣ್ಣಿ ಸ್ಟೂಲು ಎಳೆದು ಅವಳನ್ನು ಕೂರಿಸಿ, ಎಲ್ಲವನ್ನೂ ನಿಧಾನವಾಗಿ ಹೇಳಿದರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು. ಹೈಸ್ಕೂಲಿನಿಂದಲೂ ಬಸವೇಶ ಬೆಳೆದದ್ದು ಅವರ ಮನೆಯಲ್ಲಿ. ರಿಪೇರಿಯಾದ ಪ್ರತಿಯೊಂದು ಸ್ಪೀಕರನ್ನೂ ಅವನು ರಾಕ್ ಸಂಗೀತ ಹಾಕಿಯೇ ಪರೀಕ್ಷಿಸುತ್ತಾನೆ. ಬೇರೆ ಯಾವುದರಲ್ಲಿಯೂ ದೋಷ ಅಷ್ಟು ಬೇಗ ಬಯಲಾಗುವುದಿಲ್ಲವಂತೆ. ಹತ್ತು ವರ್ಷ ಕೇಳಿ ಕೇಳಿ ಅವರಿಗೂ ಅದು ಹಿಡಿಸಿತು. ಆದರೆ ಊರಿನಲ್ಲಿ ಅವರು ಭಜನಾ ಮಂಡಳಿಯ ಅಧ್ಯಕ್ಷೆ. ತಲೆಬುರುಡೆಯ ಚಿತ್ರ ಹಾಕಿಕೊಳ್ಳುವ ತಂಡಗಳ ಬಗ್ಗೆ ತಾವು ಬರೆಯುವುದು ಮಂಡಳಿಯವರಿಗೆ ತಿಳಿಯಬಾರದೆಂದು ಬಸವೇಶನಿಂದ ಮಾತು ತೆಗೆದುಕೊಂಡಿದ್ದರು.

"ನನ್ನ ಪತ್ರಗಳು..." ಎಂದಳು ಭವ್ಯಶ್ರೀ ನೆಲ ನೋಡುತ್ತ.

"ಅವು ನನ್ನತ್ರವೇ ಅವೆ. ಅವ್ನಿಗೆ ಒಂದಕ್ಸರ ಏಳಿಲ್ಲ. ಎಕ್ಸ್‌ಚೇಂಜಲ್ಲಿ ಮೂವತ್ ವರ್ಸ ಊರೋರ ಮಾತೆಲ್ಲಾ ಕೇಳಿಸ್ಕಂಡಿವ್ನಿ. ಒಂದ್ನೂ ಈಚೆಗ್ ಬಿಟ್ಟಿಲ್ಲ."

"ನನಗೆ ಒಂದು ಮಾತು ಬರೆಯಬಾರದಿತ್ತಾ ಅಮ್ಮಾ?"

"ನಾಕು ಕಾಗ್ದ ಬರ್ದೆ. ನೀನು ಬಾಗ್ಲಾಕಂಡಿದ್ದೆ. ಎಲ್ಲಾರ್ ಮುಂದೆ ಬರ್ಯಣ ಅಂದ್ರೆ, ಅದ್ನೂ ಅವ್ನೇ ಬರ್ದ ಅಂತಿದ್ದೆ. ಮೇಲಾಗಿ ನಿನ್ನ ಕಾಗ್ದದ ವಿಸ್ಯ ಈಚೆಗ್ ಬಂದ್ರೆ ಮಾನ ಓಗೋದು ನಿಂದು."

ಭವ್ಯಶ್ರೀ ಲೆಕ್ಕ ಹಾಕಿದಳು. ಬಸವೇಶ ಸುಮ್ಮನಿದ್ದದ್ದು ದೊಡ್ಡಮ್ಮನಿಗಾಗಿ. ದೊಡ್ಡಮ್ಮ ಸುಮ್ಮನಿದ್ದದ್ದು ತನಗಾಗಿ. ಮೂವರಲ್ಲಿ ಮಾತನಾಡಿದವಳು ತಾನೊಬ್ಬಳೇ. ತಪ್ಪಾಗಿ ಮಾತನಾಡಿದವಳೂ ತಾನೊಬ್ಬಳೇ.

"ಒಳ್ಳೆ ಹುಡ್ಗ ಅಂತ ಬರ್ದಿದ್ನಲ್ಲ," ಎಂದರು ನಂಜಮ್ಮಣ್ಣಿ. "ಸುಳ್ಳಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅದೇ ಹೊತ್ತಿಗೆ ಬೈಕು ಬಂದು ನಿಂತಿತು.

ಬಸವೇಶ ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ಒಳಗೆ ಬಂದ. ಅವಳನ್ನು ಕಂಡು ನಿಂತ. ಸುರುಳಿಯನ್ನು ಮೊಳೆಗೆ ನೇತುಹಾಕಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

ನಂಜಮ್ಮಣ್ಣಿ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಲೇ ಬಸ್ವೇಸ, ನನ್ನ ಪುಟದಾಗೆ ಬರ್ದುಬುಟ್ಟೆ ಕಣ್ಲಾ. ನಾನೂ ತಂತಿಕಂಬರೂ ಒಂದೇ ಮನೆಯವರು, ನಾನು ಅವರ ದೊಡ್ಡಮ್ಮ ಅಂತ. ಮಂಡ್ಳಿಯೋರು ಓದುದ್ರೆ ಓದ್ಕಳ್ಳಿ. ಅವರಿಗೂ ಒಂದೆರಡು ಹಾಡು ಕೇಳುಸ್ತೀನಿ." ಲ್ಯಾಪ್‌ಟಾಪು ಎತ್ತಿಕೊಂಡು ಅಂಗಡಿಯ ಹಿಂಬದಿಯ ಮನೆಗೆ ಹೊರಟರು. "ಮಜ್ಜಿಗೆ ತತ್ತೀನಿ. ಒಗ್ಗರಣೆ ಆಕ್ಬೇಕು, ತಡ ಆಯ್ತದೆ."

ಅಂಗಡಿಯಲ್ಲಿ ಇಬ್ಬರೇ ಉಳಿದರು.

ದೂರು ಹಿಂತೆಗೆದುಕೊಂಡಿದ್ದೇನೆ ಎಂದಳು ಅವಳು. ಭಾನುವಾರದ ಸಾಲು ಸಿಕ್ಕಿದ್ದು, ತಾನೇ ಸಾಕ್ಷಿಯಾದದ್ದು, ಮೂರು ವಾಕ್ಯ ಬರೆದದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಕ್ಷಮೆ ಕೇಳಿದಳು. ಅವನು ಬೆಂಚಿನ ಮೇಲಿದ್ದ ತಿರುಪುಗಳನ್ನು ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ ಬೇರೆ ಮಾಡುತ್ತ ಕೇಳಿದ.

"ದೂರು ಕೊಟ್ಟಿದ್ದಕ್ಕೆ ಬೇಜಾರಿಲ್ಲ," ಎಂದ ಕೊನೆಗೆ. "ಸಂಖ್ಯೆ ಒಂದೇ ಇತ್ತು. ನಿಮ್ ಜಾಗದಲ್ಲಿ ಯಾರಿದ್ರೂ ಕೊಡೋರು. ಆದ್ರೆ ಹದಿನಾಕು ತಿಂಗ್ಳು ಒಂದೊಂದು ಕಾಮಾಕ್ಕೂ ಯಾಕೆ ಅಂತ ನನ್ನ ಕೇಳ್ದೋರು ನೀವು. ಇದೊಂದನ್ನ ಮಾತ್ರ ದೂರು ಕೊಡಕ್ ಮುಂಚೆ ಕೇಳ್ನಿಲ್ಲ."

ಅವಳು ನಿಜವನ್ನೇ ಹೇಳಿದಳು.

"ಭಯ ಆಯ್ತು. ಕೇಳಿದ್ರೆ ನೀವು ಹೌದು ಅಂತೀರೇನೋ ಅಂತ."

ತಿರುಪು ಆರಿಸುತ್ತಿದ್ದ ಬೆರಳು ನಿಂತಿತು.

"ಹೌದು ಅಂದಿದ್ರೆ ಏನಾಗ್ತಿತ್ತು?"

"ಪತ್ರ ಬರೆದಿದ್ದೆ. ದೊಡ್ಡಮ್ಮನಿಗೆ. ಅದನ್ನ ನೀವೇ ಓದಿದಂಗೆ ಆಗ್ತಿತ್ತು."

"ಗೊತ್ತು. ಬಾಲ್ಕನೀಲಿ ಅಂದ್ರಲ್ಲ. ಏನ್ ಬರ್ದಿದ್ರಿ ಅಂತ ದೊಡ್ಡಮ್ಮನ್ನ ನಾ ಕೇಳಿಲ್ಲ. ನಿಮ್ಮನ್ನೂ ಕೇಳಕ್ಕಿಲ್ಲ. ಅದು ನಿಮ್ದು."

ಅವನು ಕೇಳುವುದಿಲ್ಲ ಎಂದದ್ದರಿಂದಲೇ ಅವಳಿಗೆ ಹೇಳುವ ಧೈರ್ಯ ಬಂತು.

"ನನ್ನದೇ. ಅದಕ್ಕೇ ನಾನೇ ಹೇಳ್ತೀನಿ." ಅವಳು ಅವನ ಮುಖ ನೋಡಿಯೇ ಹೇಳಿದಳು. "ನಿಮ್ಮ ಮುಖ ನೋಡಿಲ್ಲ, ದನಿ ಕೇಳಿಲ್ಲ. ಆದರೂ ನಿಮ್ಮ ಟಿಪ್ಪಣಿ ಬಾರದ ದಿನ ನನಗೆ ದಿನ ಮುಗಿದಂಗೆ ಆಗಲ್ಲ. ನಿಮ್ಮ ಮೇಲೆ ಮನಸ್ಸಾಗಿದೆ. ಇಷ್ಟನ್ನೇ ಬರೆದಿದ್ದೆ. ಈಗ ಮುಖ ನೋಡಿದೀನಿ, ದನಿ ಕೇಳಿದೀನಿ... ಬದಲಾಯಿಸೋ ಅಂಥದ್ದು ಏನೂ ಇಲ್ಲ."

ಒಳಗೆ ಸಾಸಿವೆ ಸಿಡಿಯಿತು. ಬಸವೇಶ ಕೈಯಲ್ಲಿದ್ದ ತಿರುಪನ್ನು ಬೆಂಚಿನ ಮೇಲಿಟ್ಟ. ಆಮೇಲೆ ಎದ್ದು ಅವಳ ಎದುರಿನ ಸ್ಟೂಲಿಗೆ ಬಂದು ಕೂತ.

"ನಂದೂ ಒಂದು ತಪ್ಪೈತೆ," ಎಂದ. "ನಿಮಗೆ ಸಿಟ್ಟು ಬರ್ಬೌದು."

"ಹೇಳಿ."

"ಲೇಖನ ಬರೆಯೋವಾಗ ಆಲ್ಬಮ್ಮಿನ ಇಸವಿ ಅಲ್ಲಲ್ಲಿ ಖಾಲಿ ಬಿಟ್ಟಿದೀನಿ. ಗೊತ್ತಿದ್ದೂ, ಬೇಕಂತ್ಲೇ. ಖಾಲಿ ಜಾಗ ಕಂಡ್ರೆ ನೀವು ಸುಮ್ನಿರಲ್ಲ. ಹುಡ್ಕೊಂಡು ಬತ್ತೀರಿ, ತುಂಬ್ತೀರಿ, ಕೆಳಗೆ ನಂಗೊಂದು ಬಯ್ಗುಳ ಬರೀತೀರಿ. ಆ ಬಯ್ಗುಳ ಓದಕ್ಕೆ..." ಅವನು ನಿಲ್ಲಿಸಿದ.

ಭವ್ಯಶ್ರೀಯ ಹುಬ್ಬು ಗಂಟಾಯಿತು. ಹೊಸ ಓದುಗರಿಗೆ ಅನ್ಯಾಯ, ಇದು ಸರಿಯಲ್ಲ, ಎಂದು ಹೇಳಬೇಕೆಂದುಕೊಂಡಳು. ಹೇಳಲು ಬಾಯಿ ತೆರೆದಾಗ ನಗು ಬಂತು.

"ಎಷ್ಟು ಕಡೆ?"

"ಮೂವತ್ತೊಂದು."

"ನಾನು ತುಂಬಿರೋದು ಇಪ್ಪತ್ತೊಂಬತ್ತು."

"ಉಳಿದ ಎರಡರ ಇಸವಿ ನಂಗೂ ನಿಜವಾಗ್ಲೂ ಗೊತ್ತಿಲ್ಲ."

"ಹಾಗಿದ್ರೆ ಮೊದಲು ಆ ನಿವೃತ್ತಿ ಪಟ್ಟಿಕೆ ತೆಗೀರಿ," ಎಂದಳು ಅವಳು. "ಆಮೇಲೆ ಹುಡುಕಬೇಕು."

"ಯಾರು?"

"ಇಬ್ಬರೂ."

"ನೀವು ಅಲ್ಲಿಂದ, ನಾನು ಇಲ್ಲಿಂದನಾ?"

ಭವ್ಯಶ್ರೀ ತನ್ನ ಸ್ಟೂಲನ್ನು ಒಂದು ಗೇಣು ಮುಂದಕ್ಕೆ ಸರಿಸಿದಳು.

"ಇಲ್ಲಿಂದಲೇ," ಎಂದಳು.